ಹಳೇ ಏರ್ ರೈಫಲ್‌ಗೆ ರಿಗ್ಬಿ ತರಹದ ಸ್ಟಾಕ್: ಯಾವ ಮರ, ಎಲ್ಲಿಂದ ಶುರು ಮಾಡಲಿ?

ಭೋಸರಿ ಹುಡುಗ (ಪುಣೆ)

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಕೆಲಸ ಭೋಸರಿ ಎಂಐಡಿಸಿಯಲ್ಲಿ, ಸಿಎನ್‌ಸಿ ಪ್ರೋಗ್ರಾಮಿಂಗ್. ನನ್ನ ಹತ್ತಿರ ಡಯಾನಾ 35 ನಮೂನೆಯ ಒಂದು ದೇಸಿ ಏರ್ ರೈಫಲ್ ಇದೆ. ಸೋದರಮಾವ ಕೊಟ್ಟದ್ದು. ನಳಿಗೆಯ ತೂತು .177 ಇಂಚು, ನಳಿಗೆ ಮಡಚಿ ಸ್ಪ್ರಿಂಗ್ ಏರಿಸುವ ಜಾತಿ. ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಬಿದ್ದು ಸ್ಟಾಕ್, ಅಂದರೆ ಕಬ್ಬಿಣ ಕೂರುವ ಮರದ ಮೈ, ಕೈ ಹಿಡಿಯುವ ಕುತ್ತಿಗೆಯ ಹತ್ತಿರ ಉದ್ದಕ್ಕೆ ಸೀಳಿದೆ. ಕಬ್ಬಿಣಕ್ಕೆ ಏನೂ ಆಗಿಲ್ಲ.

ಹೇಗೂ ಹೊಸ ಸ್ಟಾಕ್ ಬೇಕು. ಮಾಡುವುದೇ ಆದರೆ ಮನಸ್ಸಿಗೆ ಬಂದ ರೂಪದಲ್ಲೇ ಮಾಡೋಣ ಅಂತ ಹಟ ಹಿಡಿದಿದ್ದೇನೆ. ಬೇಟೆಗಾರ ಜಿಮ್ ಕಾರ್ಬೆಟ್ ಹತ್ತಿರ ಇದ್ದ .275 ರಿಗ್ಬಿ ರೈಫಲ್ ನಿಮಗೆ ಗೊತ್ತಲ್ವಾ? 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಕೊಟ್ಟ ಉಡುಗೊರೆ. ಅದರ ಫೋಟೋ ನನ್ನ ಫೋನಿನಲ್ಲಿ ಕೂತು ಎಷ್ಟೋ ಕಾಲ ಆಯಿತು. ತೆಳ್ಳಗಿನ ಮುಂಭಾಗ, ಕೆನ್ನೆ ಒರಗಿಸುವಲ್ಲಿ ನೇರ ಬೆನ್ನು, ಮಂದ ಎಣ್ಣೆ ಹೊಳಪು. ಸುಮ್ನೆ ತೋರಿಸಿಕೊಳ್ಳುವಂಥದ್ದು ಏನೂ ಇಲ್ಲ.

ಈಗ ಪ್ರಶ್ನೆ. ಮರಕ್ಕೆ ಮೂರು ದಾರಿ ಇದೆ. ಕಾಶ್ಮೀರದ ಅಕ್ರೋಟು ಮರದ ತುಂಡು, ದುಬಾರಿ. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಿ ಶೀಶಂ, ಕೈಗೆಟುಕುವ ರೇಟು. ಇನ್ನೊಂದು, ಧಾರವಾಡದಲ್ಲಿ ನಮ್ಮಜ್ಜನ ಮನೆ ಕೆಡವಿದಾಗ ಉಳಿಸಿಟ್ಟ ಸಾಗವಾನಿ ತೊಲೆ. ಅದು ಪುಕ್ಕಟೆ, ಮತ್ತು ಅದರ ಮೇಲೆ ನನಗೆ ಪ್ರೀತಿ ಜಾಸ್ತಿ. ಯಾವುದು ಹಿಡಿಯಲಿ?

ಹಳೇ ಸ್ಟಾಕ್ ಅನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ರಿಗ್ಬಿ ಆಕಾರ ಕೊಟ್ಟು ನಮ್ಮ ಶಾಪಿನ ವಿಎಂಸಿಯಲ್ಲಿ (ಕಂಪ್ಯೂಟರ್ ನಡೆಸುವ ಕೊರೆಯುವ ಮೆಷಿನ್) ಕೊರೆಸುವ ಯೋಚನೆ ಇದೆ. ಮಾಲೀಕರು ರಜಾದಿನ ಮೆಷಿನ್ ಬಳಸಲು ಬಿಡುತ್ತಾರೆ. ಅಥವಾ ಮ್ಯಾನ್‌ಲಿಕರ್ ತರಹ ನಳಿಗೆಯ ತುದಿವರೆಗೂ ಮರ ಬರುವ ಹಾಗೆ ಮಾಡಿದರೆ ಇನ್ನೂ ಚಂದವಾ?

ಗುರಿ ಕಾಗದಕ್ಕೆ ಮಾತ್ರ, ತೋಟದ ಮನೆಯಲ್ಲಿ, ಹಿಂದೆ ಮಣ್ಣಿನ ದಿಬ್ಬ ಇದೆ. ಬಲಗೈ. ಎತ್ತರ ಐದಡಿ ಹತ್ತಿಂಚು. ಬಜೆಟ್ ಹದಿನೈದು ಸಾವಿರದ ಒಳಗೆ.

---

ವರ್ಲಿ ಲೇನ್ (ಮುಂಬೈ)

ಮರದ ವಿಷಯ ತಿಳಿದವರು ಹೇಳುತ್ತಾರೆ. ನಾನು ಕಾನೂನಿನದ್ದು ಹೇಳಿ ಬದಿಗೆ ಸರಿಯುತ್ತೇನೆ, ಯಾಕೆಂದರೆ ಇಂಥ ಮಾತು ಎರಡನೇ ದಿನಕ್ಕೆ "ಹಾಗಾದರೆ ನಿಜವಾದ ಮೌಸರ್ ರೈಫಲ್ ಒಂದನ್ನೇ ಕಟ್ಟಿಸಬಹುದಲ್ಲ" ಅನ್ನುವಲ್ಲಿಗೆ ಹೋಗುತ್ತದೆ.

ನಿಮ್ಮದು 4.5 ಮಿ.ಮೀ., ಅಂದರೆ .177. ನಳಿಗೆಯ ಬಾಯಲ್ಲಿ ಶಕ್ತಿ 20 ಜೌಲ್ ದಾಟದಿದ್ದರೆ ಲೈಸೆನ್ಸ್ ಬೇಡ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 180 ಮೀಟರ್ ಹೋದರೆ ಎಂಟು ಜೌಲ್ ಚಿಲ್ಲರೆ ಆಗುತ್ತದೆ. ಅಲ್ಲಿಗೆ ನೀವು ಆರಾಮ. ಮರ ಬದಲಾಯಿಸಿ, ಯಾರೂ ಏನೂ ಅನ್ನುವುದಿಲ್ಲ. ಆದರೆ ಯಾರೋ ಹೇಳಿದರು ಅಂತ ಗಟ್ಟಿ ಸ್ಪ್ರಿಂಗ್ ಹಾಕುವುದು, 5.5ರ ನಳಿಗೆ ಕೂರಿಸುವುದು ಬೇಡವೇ ಬೇಡ. 5.5ಕ್ಕೆ ಲೈಸೆನ್ಸ್ ಬೇಕು.

ಮದ್ದಿನ ರೈಫಲ್ ಆದರೆ ಕಥೆಯೇ ಬೇರೆ. 1959ರ ಶಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ತಯಾರಿಸುವುದಷ್ಟೇ ಅಲ್ಲ, ಮಾರ್ಪಾಡು, ರಿಪೇರಿ, ಪರೀಕ್ಷೆಯ ಕಸುಬಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ರೈಫಲ್ ಅನ್ನು ಪರಿಚಯದ ಬಡಗಿಯ ಹತ್ತಿರ ನಾಲ್ಕು ದಿನ ಬಿಟ್ಟು ಬಂದರೂ ಇಬ್ಬರಿಗೂ ತಾಪತ್ರಯ. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಬೇಕು. .303 ಮತ್ತು 7.62 ಸಾಮಾನ್ಯ ಜನರಿಗೆ ಸಿಗದ ನಿಷೇಧಿತ ಬೋರ್‌ಗಳು (ಬೋರ್ ಅಂದರೆ ನಳಿಗೆ ತೂತಿನ ಅಳತೆ). ಇಶಾಪುರದ .315 ಸ್ಪೋರ್ಟಿಂಗ್ ರೈಫಲ್ ಹುಟ್ಟಿದ್ದೇ ಅದಕ್ಕೆ. ಮೈ .303 ಸೇನಾ ರೈಫಲ್ ಲೀ-ಎನ್‌ಫೀಲ್ಡ್‌ನದ್ದು, ಗುಂಡು ಬೇರೆ.

ತೋಟದ ಮನೆ ಅಂದಿರಿ. ಹಕ್ಕಿ, ಅಳಿಲು ಕಡೆ ತಿರುಗಿಸಬೇಡಿ. 1972ರ ವನ್ಯಜೀವಿ ಕಾಯ್ದೆ ಏರ್ ಗನ್ನಿಗೂ ಅನ್ವಯ. ಒಯ್ಯುವಾಗ ಚೀಲದಲ್ಲಿ ಮುಚ್ಚಿ ಒಯ್ಯಿರಿ. ಟೋಲ್ ನಾಕಾದ ಪೊಲೀಸರಿಗೆ ದೂರದಿಂದ ಕಾಣುವುದು ಬಂದೂಕೇ.

---

ಪ್ಯಾಟರ್ನ್ ಕಾಕಾ (ಚಿಂಚವಡ)

ತಮ್ಮಾ, ನಾನು ಬೆಳಗಾವಿಯವನು. ಪಿಂಪ್ರಿಯ ಫೌಂಡ್ರಿಯಲ್ಲಿ ಮರದ ಪ್ಯಾಟರ್ನ್ ಮಾಡಿ ನಿವೃತ್ತನಾದವನು. ಎರಕದ ಕಬ್ಬಿಣ ಎಂಥದ್ದೇ ಇರಲಿ, ಅದರ ಮೊದಲ ರೂಪ ನಮ್ಮ ಉಳಿಯಲ್ಲೇ ಬರುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಕೊನೆಗೆ ಕೈ ಹಚ್ಚುವವರು ನಾವೇ. ಏರ್ ರೈಫಲ್ ಸ್ಟಾಕ್‌ಗಳು ಆಮೇಲೆ ಹತ್ತಿದ ಚಟ. ನಿನ್ನ ಪ್ರಶ್ನೆಗೆ ತಲೆಕೆಳಗಾಗಿ ಉತ್ತರ ಕೊಡುತ್ತೇನೆ, ಯಾಕೆಂದರೆ ಮರ ಯಾವುದು ಅನ್ನುವುದು ಕೊನೆಯ ಪ್ರಶ್ನೆ.

ಮೊದಲು ಆ ಫೋಟೋ. ರಿಗ್ಬಿಯ ಆ ರೂಪವನ್ನು ಯಾರೋ ಕೂತು ಚಂದಕ್ಕೆ ಬರೆದದ್ದಲ್ಲ. ಒಳಗಿರುವ ಕಬ್ಬಿಣ ಬರೆಸಿದ್ದು. ಒಳಗೆ ಇರುವುದು ಜರ್ಮನಿಯ ಮೌಸರ್ ಯಂತ್ರ. ರಿಗ್ಬಿ ಕಂಪನಿ 1898ರಿಂದ 1912ರ ತನಕ ಬ್ರಿಟನ್ನಿಗೆ ಮೌಸರ್ ಆ್ಯಕ್ಷನ್‌ಗಳನ್ನು, ಅಂದರೆ ಗುಂಡು ತುಂಬಿ ಹೊಡೆಯುವ ಯಂತ್ರಭಾಗಗಳನ್ನು, ತರಿಸುವ ಹಕ್ಕು ತನ್ನೊಬ್ಬನಿಗೇ ಅಂತ ಇಟ್ಟುಕೊಂಡಿತ್ತು. .275 ರಿಗ್ಬಿ ಅಂದರೂ ಗುಂಡು ಜರ್ಮನರ 7x57 ಮೌಸರೇ, ಹೆಸರು ಇಂಗ್ಲಿಷರದ್ದು. ಮೌಸರ್ 98ರಲ್ಲಿ ಐದು ಗುಂಡು ಎಡ ಬಲ ಎಡ ಬಲ ಅಂತ ಜೋಡಿಸಿಕೊಂಡು ಮ್ಯಾಗಜಿನ್ ಮರದ ಹೊಟ್ಟೆಯೊಳಗೇ ಅಡಗುತ್ತದೆ. ಅದಕ್ಕೇ ಕೆಳಗಿನ ಗೆರೆ ಎಲ್ಲೂ ಉಬ್ಬದೆ ಓಡುತ್ತದೆ. ಬೋಲ್ಟ್ ಅಂದರೆ ಗುಂಡನ್ನು ಒಳಗೆ ತಳ್ಳಿ ಬೀಗ ಹಾಕುವ ಸರಳು, ಅದರ ಎರಡು ದೊಡ್ಡ ಲಗ್ಗುಗಳು (ಹಲ್ಲುಗಳು) ಮುಂದೆಯೇ ಕಚ್ಚಿಕೊಳ್ಳುತ್ತವೆ. ಹೊಡೆದಾಗಿನ ಒದೆತವನ್ನು ಆ್ಯಕ್ಷನ್ ಕೆಳಗಿನ ಒಂದು ಕಬ್ಬಿಣದ ತುಂಡು ಮರಕ್ಕೆ ದಾಟಿಸುತ್ತದೆ. ಅಲ್ಲಿಂದ ಮುಂದಿನ ಮರಕ್ಕೆ ಕೆಲಸವೇ ಇಲ್ಲ, ಕೈಗೆ ಬಿಸಿ ತಾಗದಂತೆ ಇದ್ದರೆ ಸಾಕು. ಅದಕ್ಕೇ ಅಷ್ಟು ತೆಳ್ಳಗೆ ಮಾಡಲು ಬಂತು.

ನಿನ್ನ ರೈಫಲ್‌ನಲ್ಲಿ ಎಲ್ಲಾ ಉಲ್ಟಾ. ಇಂಚಿಗಿಂತ ದಪ್ಪದ ಕೊಳವೆ, ಅದರ ಕೆಳಗೆ ಸ್ಪ್ರಿಂಗ್ ಏರಿಸುವ ಸರಳು ಓಡಾಡಲು ಉದ್ದ ಸೀಳು. ಮುಂದಿನ ಮರ ಅಂದರೆ ನಿಜಕ್ಕೂ ಅಕ್ಕಪಕ್ಕ ಎರಡು ಗೋಡೆ ಅಷ್ಟೇ. ರೈಫಲ್ ಅನ್ನು ಮರಕ್ಕೆ ಹಿಡಿದಿಡುವ ಎರಡು ಸ್ಕ್ರೂ ಇರುವುದೂ ಅದೇ ಗೋಡೆಗಳಲ್ಲಿ. ಮೇಲಾಗಿ ಸ್ಪ್ರಿಂಗ್ ರೈಫಲ್ ಒಂದೇ ಕಡೆ ಒದೆಯುವುದಿಲ್ಲ. ಪಿಸ್ಟನ್ ಮುಂದಕ್ಕೆ ಹಾರುವಾಗ ಹಿಂದಕ್ಕೆ, ಅದು ಮುಂದೆ ಹೋಗಿ ಬಡಿದಾಗ ಮುಂದಕ್ಕೆ. ಈ ಎರಡೂ ಕಡೆಯ ಜಗ್ಗಾಟ ಆ ಸ್ಕ್ರೂಗಳ ಮೇಲೆ. ರಿಗ್ಬಿಯಷ್ಟು ತೆಳುವಾಗಿ ಕೊರೆದರೆ ಗೋಡೆ ನಾಲ್ಕೈದು ಮಿ.ಮೀ. ಉಳಿಯುತ್ತದೆ. ಒಂದು ಮಳೆಗಾಲ ಬಾಳಿದರೆ ಪುಣ್ಯ.

ಹಾಗಂತ ಆಸೆ ಬಿಡಬೇಡ. ಮುಂಭಾಗದ ಆಳ ಹಾಗೇ ಇರಲಿ. ಅದನ್ನು ಕಣ್ಣಿಗೆ ತೆಳ್ಳಗೆ ಕಾಣಿಸು. ಪಕ್ಕಗಳನ್ನು ಚಪ್ಪಟೆ ಬಿಡಬೇಡ, ಕೆಳಗೆ ಬಂದಂತೆ ಒಳಕ್ಕೆ ದುಂಡಗೆ ತಿರುಗಲಿ. ತುದಿಗೆ ಹೋದಂತೆ ಒಂದಿಷ್ಟು ಇಳಿಯಲಿ. ಹಿಂಭಾಗದ ಕೆಳಗೆರೆಯನ್ನು ಮುಂದಕ್ಕೆ ಎಳೆದರೆ ಅದು ಟ್ರಿಗರ್ ಗಾರ್ಡ್ ಹತ್ತಿರ ಹೋಗಿ ಸೇರಬೇಕು. ಹಳೇ ಇಂಗ್ಲಿಷ್ ಸ್ಟಾಕ್ ನೋಡಿದಾಗ ಹಗುರ ಅನ್ನಿಸುವುದಕ್ಕೆ ಈ ಗೆರೆಯೇ ಮುಖ್ಯ ಕಾರಣ ಅಂತ ನನ್ನ ಲೆಕ್ಕ. ದಪ್ಪ ಆಮೇಲೆ.

ಮ್ಯಾನ್‌ಲಿಕರ್ ಮರೆತುಬಿಡು. ನಿನ್ನ ನಳಿಗೆ ಮಡಚಬೇಕು. ತುದಿವರೆಗೂ ಮರ ಬಂದರೆ ಅದನ್ನು ಮಡಚುವವರು ಯಾರು?

ಈಗ ವಿಎಂಸಿ. ಮೆಷಿನ್ ಬೇಡ ಅನ್ನುವ ಮುದುಕ ನಾನಲ್ಲ. ಆದರೆ ಏನನ್ನು ಕೊರೆಸುತ್ತೀ? ನಿನ್ನ ಕೆನ್ನೆ ಎಲ್ಲಿ ಕೂರುತ್ತದೆ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ, ನಿನಗೂ ಇನ್ನೂ ಗೊತ್ತಿಲ್ಲ. ಕಾರ್ಬೆಟ್ ಅಳತೆಯ ಸ್ಟಾಕ್ ಕಾರ್ಬೆಟ್‌ಗೆ ಸರಿ. ಮೊದಲು ಪೈನ್ ಮರದಲ್ಲಿ ಒಂದು ಮಾಡು. ಚಾಕಣದಲ್ಲಿ ಮೆಷಿನ್ ಬರುವ ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಕೇಳಿದಷ್ಟು ಸಿಗುತ್ತದೆ. ಎರಡು ಹಲಗೆ ಅಂಟಿಸಿ ಒರಟಾಗಿ ಕೆತ್ತು, ಕೊಳವೆ ಕೂರಿಸು. ಬೆನ್ನು ಬೇಕಿದ್ದಕ್ಕಿಂತ ತಗ್ಗಾಗಿಯೇ ಇಡು. ಅದರ ಮೇಲೆ ಕಾರಿನ ಬಾಡಿಗೆ ಹಚ್ಚುವ ಫಿಲ್ಲರ್ ತುಸು ತುಸು ಏರಿಸುತ್ತಾ ಹೋಗು.

ಪರೀಕ್ಷೆ ಹೀಗೆ. ರೈಫಲ್ ಖಾಲಿ ಇರಲಿ, ಸ್ಪ್ರಿಂಗ್ ಏರಿಸಿರಬಾರದು. ಕಣ್ಣು ಮುಚ್ಚಿ ಹೆಗಲಿಗೆ ಏರಿಸು, ಕೆನ್ನೆ ಆರಾಮಾಗಿ ಒರಗಿಸು, ಆಮೇಲೆ ಕಣ್ಣು ಬಿಡು. ಮುಂದಿನ ಗುರಿಮಣಿ ಹಿಂದಿನ ಕಚ್ಚಿನ ನಡುವೆ ತಾನಾಗಿ ನಿಂತಿರಬೇಕು. ಮಣಿ ಕಾಣದೆ ಹಿಂದಿನ ಕಚ್ಚಿನ ಕೆಳಗೆ ಮುಳುಗಿದರೆ ಬೆನ್ನು ತಗ್ಗು. ಮಣಿ ತಲೆ ಎತ್ತಿ ನಿಂತರೆ ಎತ್ತರ. ಅದು ಎಡಕ್ಕೋ ಬಲಕ್ಕೋ ಸರಿದಿದ್ದರೆ ಹಿಂಭಾಗವನ್ನು ತುಸು ಪಕ್ಕಕ್ಕೆ ಬಾಗಿಸಬೇಕು. ಬಲಗೈಯವರಿಗೆ ಬಲಕ್ಕೆ, ಕಾಲಿಂಚು ಅಂದರೆ ಜಾಸ್ತಿಯೇ ಆಯಿತು. ಟ್ರಿಗರ್‌ನಿಂದ ಹಿಂದಿನ ತುದಿಗೆ ಹದಿಮೂರೂವರೆ ಇಂಚಿನಿಂದ ಶುರು ಮಾಡು. ನಿನ್ನ ಎತ್ತರಕ್ಕೆ ಹದಿನಾಲ್ಕರ ಹತ್ತಿರ ಹೋಗಬಹುದು.

ಒಂದು ಮುಖ್ಯ ಮಾತು. ರಿಗ್ಬಿಯ ನೇರ ಬೆನ್ನು ಬರಿಗಣ್ಣಿನ ಗುರಿಗೆ ಮಾಡಿದ್ದು, ಅದಕ್ಕೇ ತಗ್ಗು. ನಿನಗೆ ಮುಂದೆ ಟೆಲಿಸ್ಕೋಪ್ ಹಾಕುವ ಮನಸ್ಸಿದ್ದರೆ ಈಗಲೇ ಹೇಳು. ಆಗ ಕಣ್ಣು ಇಂಚಿಗಿಂತ ಮೇಲೆ ಹೋಗುತ್ತದೆ, ಗದ್ದ ಮರಕ್ಕೆ ಊರಿ ಹೊಡೆಯಬೇಕಾಗುತ್ತದೆ. ಎರಡಕ್ಕೂ ಸರಿಹೋಗುವ ಬೆನ್ನು ಅಂತ ಇಲ್ಲ. ನನ್ನ ಕೇಳಿದರೆ ರಿಗ್ಬಿ ರೂಪ ಬೇಕೆಂದವನು ಬರಿಗಣ್ಣಲ್ಲೇ ಹೊಡೆಯಬೇಕು.

ಆ ಪೈನ್ ಸ್ಟಾಕ್‌ನಲ್ಲಿ ಒಂದಷ್ಟು ದಿನ ಹೊಡೆ. ತಿದ್ದು. ಮತ್ತೆ ಹೊಡೆ. ಕೆನ್ನೆ ಒಪ್ಪಿದ ಮೇಲೆ ಅದನ್ನೇ ಸ್ಕ್ಯಾನ್ ಮಾಡಿ ವಿಎಂಸಿಗೆ ಕೊಡು. ಆಗ ನಿನ್ನ ಮೆಷಿನ್ನಿಗೆ ಒಂದು ಅರ್ಥ ಇದೆ.

ಕೊನೆಗೆ ಮರ. ಅಕ್ರೋಟೇ ಸರಿ. ಹೆಸರಿಗಾಗಿ ಅಲ್ಲ, ಉಳಿಗೆ ಅದು ಎಲ್ಲಾ ದಿಕ್ಕಿನಲ್ಲೂ ನಯವಾಗಿ ಕೊಯ್ಯುತ್ತದೆ, ಅಂಚು ಉದುರುವುದಿಲ್ಲ, ಒಮ್ಮೆ ಒಣಗಿದ ಮೇಲೆ ಕದಲುವುದು ಕಡಿಮೆ. ಶೀಶಂ ಗಟ್ಟಿ, ಆದರೆ ಭಾರ, ಮತ್ತು ನಾರು ಅಡ್ಡಾದಿಡ್ಡಿ ಓಡುವ ತುಂಡೇ ಜಾಸ್ತಿ ಸಿಗುತ್ತದೆ. ಸಾಗವಾನಿ ತೊಲೆ ಚೆನ್ನಾಗಿ ಒಣಗಿರುತ್ತದೆ, ನಿಜ. ಆದರೆ ಅದು ಎಣ್ಣೆಮರ, ಅಂಟು ಹಿಡಿಯುವುದು ಕಷ್ಟ. ಉಳಿಯ ಬಾಯಿ ಬೇಗ ಹೋಗುತ್ತದೆ. ತೆಳುವಾದಲ್ಲಿ ಚಕ್ಕೆ ಏಳುತ್ತದೆ. ಅಜ್ಜನ ಮನೆಯ ನೆನಪು ಬೇಕಾದರೆ ಅದರಲ್ಲಿ ರೈಫಲ್ ಇಡಲು ಗೋಡೆಗೆ ಸ್ಟ್ಯಾಂಡ್ ಮಾಡು. ಕೊಯ್ಯುವ ಮೊದಲು ಆಯಸ್ಕಾಂತ ಆಡಿಸಿ ಹಳೇ ಮೊಳೆ ನೋಡು.

ಯಾವ ಮರವೇ ಆಗಲಿ, ತುಂಡು ಆರಿಸುವಾಗ ಚಿತ್ತಾರ ನೋಡಬೇಡ. ಎರಡೂವರೆ ಇಂಚು ದಪ್ಪ, ಮೂವತ್ತನಾಲ್ಕು ಇಂಚು ಉದ್ದ ಇರಲಿ. ಹಳೇ ಸ್ಟಾಕ್ ಅದರ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆ. ಕುತ್ತಿಗೆಯ ಜಾಗದಲ್ಲಿ ನಾರು ಕುತ್ತಿಗೆಯ ಜೊತೆಗೇ ಓಡಬೇಕು. ಅಡ್ಡ ಹಾಯ್ದು ಹೊರಗೆ ಹೋದರೆ ನಿನ್ನ ಹಳೇ ಸ್ಟಾಕ್ ಸೀಳಿದ ಹಾಗೆ ಅದೂ ಸೀಳುತ್ತದೆ. ಅಂಗಡಿಯವ "ಸಾಬ್, ಕ್ಯಾ ಡಿಸೈನ್ ಹೈ" ಅಂತ ತೋರಿಸುವ ಸುಳಿ ಚಿತ್ತಾರ ಹಿಂಭಾಗದಲ್ಲಿದ್ದರೆ ತೊಂದರೆ ಇಲ್ಲ, ಕುತ್ತಿಗೆಯಲ್ಲಿ ಇರಬಾರದು.

ಈಗ ಆಷಾಢ. ತುಂಡು ಈಗಲೇ ತಗೋ, ಆದರೆ ಕೊಯ್ಯಬೇಡ. ಎರಡೂ ತುದಿಗೆ ಮೇಣ ಬಳಿದು ಮನೆಯೊಳಗೆ ಕಪಾಟಿನ ಮೇಲಿಡು. ಆಗಾಗ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡು. ತೂಕ ಇಳಿಯುವುದು ನಿಂತ ಮೇಲೆ ಕೈ ಹಚ್ಚು. ಬೇಗ ಅಂದರೂ ಖಂಡೆ ನವಮಿಗೆ ಉಳಿಗಳ ಪೂಜೆ ಆದ ಮೇಲೆ.

---

ಮಡಗಾಂವ್ ಮಳೆ (ಗೋವಾ)

ಕಾಕಾ ಹೇಳಿದ್ದು ಬಹುಪಾಲು ಸರಿ. ಆದರೆ ಎರಡು ಕಡೆ ನನ್ನ ತಕರಾರಿದೆ.

ಒಂದು, ರಿಗ್ಬಿ ರೂಪವೇ ಬೇಕಾದರೆ ಸ್ಪ್ರಿಂಗ್ ರೈಫಲ್ ಜೊತೆ ಯಾಕೆ ಗುದ್ದಾಡಬೇಕು? ಬೋಲ್ಟ್ ಇರುವ ಪಿಸಿಪಿ ಒಂದು ತಗೊಳ್ಳಿ, ಅಂದರೆ ಮೊದಲೇ ಸಿಲಿಂಡರಿಗೆ ಗಾಳಿ ತುಂಬಿಡುವ ಏರ್ ರೈಫಲ್. ನಳಿಗೆ ಮಡಚುವುದಿಲ್ಲ, ಒದೆತ ಇಲ್ಲವೇ ಇಲ್ಲ ಅನ್ನಬಹುದು, ಬೋಲ್ಟ್ ಎಳೆದು ತಳ್ಳುವ ಖುಷಿಯೂ ಸಿಗುತ್ತದೆ. ಮ್ಯಾನ್‌ಲಿಕರ್ ಆಸೆಯೂ ತೀರುತ್ತದೆ. .177ರಲ್ಲಿ 20 ಜೌಲ್ ಒಳಗಿನದ್ದು ನಮ್ಮ ದೇಶದಲ್ಲೇ ತಯಾರಾಗುತ್ತಿದೆ.

ಎರಡು, ಹುಡುಗ ಬಯಸಿದ ಎಣ್ಣೆ ಹೊಳಪು. ಅಗಸೆಎಣ್ಣೆ ನೋಡಲು ಚಂದ, ತೇವ ತಡೆಯುವುದರಲ್ಲಿ ಸೊನ್ನೆ. ನಮ್ಮಲ್ಲಿ ಜುಲೈ ಆಗಸ್ಟ್‌ನಲ್ಲಿ ಗೋಡೆಗೆ ನೇತುಹಾಕಿದ ಬೆಲ್ಟಿಗೂ ಬೂಷ್ಟು ಬರುತ್ತದೆ. ನನ್ನ ಸ್ಟಾಕ್ ಹಲಸಿನದ್ದು, ಮೇಲೆ ಪಿಯು (ಪಾಲಿಯುರೆಥೇನ್ ವಾರ್ನಿಷ್) ಹೊಡೆದಿದ್ದೇನೆ. ಸ್ಕ್ರೂ ಬಿಗಿ ಹಾಗೇ ಇದೆ. ಹಲಸು ಹಗುರ, ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತದೆ. ಬಡವರ ಅಕ್ರೋಟು ಅಂತ ಧಾರಾಳವಾಗಿ ಹೇಳಬಹುದು. ಅದರಲ್ಲಿ ವೀಣೆ, ಮೃದಂಗ ಮಾಡುತ್ತಾರೆ, ಸ್ಟಾಕ್ ಯಾಕಾಗಬಾರದು?

---

ಪ್ಯಾಟರ್ನ್ ಕಾಕಾ (ಚಿಂಚವಡ)

ಪಿಸಿಪಿ ಒಳ್ಳೆಯದೇ. ಆದರೆ ಗಾಳಿಯ ಸಿಲಿಂಡರ್ ನಳಿಗೆಯ ಕೆಳಗೇ ಮಲಗಿರುತ್ತದೆ. ಮರ ಅದನ್ನೂ ನುಂಗಬೇಕು, ಹಾಗಾಗಿ ಅಲ್ಲೂ ಮುಂಭಾಗ ದಪ್ಪವೇ. ಪಂಪು, ಸೀಲು ಅಂತ ಖರ್ಚು ಬೇರೆ. ಹುಡುಗನ ಹತ್ತಿರ ಇರುವುದು ಮಾವ ಕೊಟ್ಟ 35, ಅದನ್ನು ಸರಿ ಮಾಡಬೇಕಲ್ಲ.

ಎಣ್ಣೆಯ ವಿಷಯದಲ್ಲಿ ಗೋವಾದವರ ಮಾತಿಗೆ ಅರ್ಧ ಒಪ್ಪಿಗೆ. ತೇವ ಒಳಗೆ ಹೋಗುವುದು ಹೊಳಪು ಕೊಟ್ಟ ಹೊರಮೈಯಿಂದಲ್ಲ, ಯಾರೂ ನೋಡದ ಜಾಗಗಳಿಂದ. ಕೊಳವೆ ಕೂರುವ ಕಾಲುವೆ, ಸ್ಕ್ರೂ ತೂತು, ಹಿಂದಿನ ರಬ್ಬರ್ ಪ್ಯಾಡಿನ ಕೆಳಗಿನ ಕೊಯ್ದ ಮುಖ. ಅಲ್ಲೆಲ್ಲಾ ಪಿಯು ಎರಡು ಕೈ ಹೊಡೆಯಿರಿ. ಹೊರಗೆ ಎಣ್ಣೆಯೇ ಇರಲಿ. ಎಣ್ಣೆ ಮೈಗೆ ಗೀರು ಬಿದ್ದರೆ ಬೆರಳಲ್ಲಿ ಒಂದು ತೊಟ್ಟು ತಿಕ್ಕಿದರೆ ಮುಗಿಯಿತು. ಪಿಯು ಸುಲಿದರೆ ಪೂರ್ತಿ ಕೆರೆಯಬೇಕು.

---

ಭೋಸರಿ ಹುಡುಗ (ಪುಣೆ)

ಕಾಕಾ, ವರ್ಲಿ ಸರ್, ಮಡಗಾಂವ್ ಅಣ್ಣ, ಎಲ್ಲರಿಗೂ ದೊಡ್ಡ ನಮಸ್ಕಾರ. ಟೆಲಿಸ್ಕೋಪ್ ಬೇಡ, ಬರಿಗಣ್ಣೇ ಗಟ್ಟಿ. ಪೈನ್ ಇವತ್ತೇ ಹೇಳಿಟ್ಟೆ, ಚಾಕಣದ ಗೆಳೆಯ ತರುತ್ತಾನೆ.

ಒಂದೇ ಅನುಮಾನ. ಕೊಳವೆ ಕೂರುವ ಕಾಲುವೆಯನ್ನಾದರೂ ನೇರ ವಿಎಂಸಿಯಲ್ಲಿ ಹೊಡೆಯಬಹುದಲ್ವಾ? ಅಳತೆಗೆ ಐದು ಮೈಕ್ರಾನ್ ಆಚೀಚೆ ಬರುತ್ತದೆ. ಕೈಯಲ್ಲಿ ಅಷ್ಟು ಎಲ್ಲಿ ಬರಬೇಕು?

---

ಪ್ಯಾಟರ್ನ್ ಕಾಕಾ (ಚಿಂಚವಡ)

ಐದು ಮೈಕ್ರಾನ್! ತಮ್ಮಾ, ಮರ ಬೆಳಿಗ್ಗೆ ಸಂಜೆಗೆ ಅದಕ್ಕಿಂತ ಜಾಸ್ತಿ ಉಸಿರಾಡುತ್ತದೆ.

ಕಾಲುವೆ ಮೆಷಿನ್‌ನಲ್ಲೇ ಹೊಡೆ, ಆದರೆ ಎಲ್ಲಾ ಕಡೆ ಅರ್ಧ ಮಿ.ಮೀ. ಬಿಟ್ಟು ಹೊಡೆ. ಉಳಿದದ್ದು ಕೈಯಲ್ಲಿ. ಯಾಕೆಂದರೆ ನಿನ್ನ ಹಳೇ ಕೊಳವೆ ಡ್ರಾಯಿಂಗ್‌ನಲ್ಲಿ ಇದ್ದ ಹಾಗೆ ಇಲ್ಲ. ಬೆಸುಗೆ ಹಾಕಿದಲ್ಲಿ ತುಸು ಉಬ್ಬಿರುತ್ತದೆ, ಟ್ರಿಗರ್ ಮನೆ ಕೂದಲೆಳೆ ಓರೆ ಇರುತ್ತದೆ. ಸ್ಕ್ಯಾನಿಗೆ ಅರ್ಧ ಸಿಗುತ್ತದೆ, ಇನ್ನರ್ಧ ಕಾಡಿಗೆಗೆ ಸಿಗುತ್ತದೆ.

ಕಾಡಿಗೆ ಅಂದರೆ ನಿಜವಾದ ಕಾಡಿಗೆಯೇ. ಎಣ್ಣೆ ದೀಪದ ಮೇಲೆ ಸ್ಟೀಲ್ ತಟ್ಟೆ ಬೋರಲು ಹಿಡಿ, ಕರಿ ಕೂರುತ್ತದೆ. ಅದಕ್ಕೆ ಎರಡು ಹನಿ ಎಣ್ಣೆ ಬೆರೆಸಿ ಕೊಳವೆಯ ಕೆಳಮೈಗೆ ಹಳೇ ಟೂತ್‌ಬ್ರಷ್‌ನಲ್ಲಿ ತೆಳ್ಳಗೆ ಬಳಿ. ತೆಳ್ಳಗೆ ಅಂದರೆ ಕಬ್ಬಿಣದ ಬಣ್ಣ ಒಳಗಿಂದ ಕಾಣುವಷ್ಟು. ಕೊಳವೆಯನ್ನು ನೇರ ಮೇಲಿಂದ ಕಾಲುವೆಗೆ ಇಳಿಸು, ಜಾರಿಸಬೇಡ. ಅಂಗೈಯಲ್ಲಿ ಒಂದು ಸಲ ತಟ್ಟು, ನೇರ ಮೇಲೆತ್ತು. ಮರದ ಮೇಲೆ ಎಲ್ಲೆಲ್ಲಿ ಕರಿ ಚುಕ್ಕೆ ಬಿದ್ದಿದೆಯೋ ಅಲ್ಲಿ ಮಾತ್ರ ಮರ ಎತ್ತರ ಇದೆ. ಆ ಚುಕ್ಕೆಯನ್ನಷ್ಟೇ ಕೆರೆ, ಪಕ್ಕದ್ದು ಮುಟ್ಟಬೇಡ. ಉಳಿಯಿಂದ ಹೊಡೆಯುವುದಲ್ಲ, ಮುರಿದ ಹ್ಯಾಕ್ಸಾ ಬ್ಲೇಡನ್ನು ದುಂಡಗೆ ಅರೆದು ಅದರಲ್ಲಿ ಕೆರೆಯುವುದು. ಮತ್ತೆ ಬಳಿ, ಮತ್ತೆ ಇಳಿಸು. ಶುರುವಿನಲ್ಲಿ ಎರಡೋ ಮೂರೋ ದೊಡ್ಡ ಮಚ್ಚೆ ಬೀಳುತ್ತದೆ. ಹೋಗ್ತಾ ಹೋಗ್ತಾ ಚುಕ್ಕೆ ಸಣ್ಣದಾಗುತ್ತದೆ, ಜಾಸ್ತಿಯಾಗುತ್ತದೆ. ಇಡೀ ಕಾಲುವೆ ಕರೀ ಹುಡಿ ಚಿಮುಕಿಸಿದ ಹಾಗೆ ಕಂಡ ದಿನ ಕೈ ತೆಗೆ. ಒಂದು ಸಂಜೆಯ ಕೆಲಸ ಅಲ್ಲ ಇದು, ಮನೆಯವರಿಗೆ ಮೊದಲೇ ಹೇಳಿಡು. ಕೈಯ ಕಪ್ಪು ಬಾಗಿಲು, ಟವೆಲ್, ಫ್ರಿಜ್ ಹಿಡಿ ಎಲ್ಲಾ ಕಡೆ ಹತ್ತುತ್ತದೆ.

ಮುಂದಿನ ಎರಡು ಸ್ಕ್ರೂ ತೂತಿಗೆ ಒಂದೊಂದು ಸ್ಟೀಲ್ ಬುಷ್ (ಗಿಡ್ಡ ಕೊಳವೆ) ಲೇತ್‌ನಲ್ಲಿ ತಿರುಗಿಸಿ ಅರಾಲ್ಡೈಟ್‌ನಲ್ಲಿ ಕೂರಿಸು. ಅದು ನಿನ್ನ ಕಸುಬೇ, ಇಲ್ಲಿ ಐದು ಮೈಕ್ರಾನ್ ಬೇಕಾದರೆ ತೋರಿಸು. ಸ್ಕ್ರೂ ಬಿಗಿ ಮಾಡಿದಾಗ ಒತ್ತಡ ಬುಷ್ ಮೇಲೆ ಬೀಳುತ್ತದೆ, ಮರ ನಜ್ಜುವುದಿಲ್ಲ. ಸ್ಪ್ರಿಂಗ್ ರೈಫಲ್‌ಗಳ ಗುರಿ ಯಾಕೋ ಇದ್ದಕ್ಕಿದ್ದಂತೆ ಅಲೆಯತೊಡಗಿದರೆ ಹತ್ತರಲ್ಲಿ ಎಂಟು ಸಲ ಈ ಸ್ಕ್ರೂ ಸಡಿಲಾಗಿರುತ್ತದೆ. ಅರಾಲ್ಡೈಟ್ ಹಚ್ಚುವಾಗ ಕೊಳವೆಗೆ ಮೇಣ ತಿಕ್ಕಿರು, ಇಲ್ಲದಿದ್ದರೆ ಎರಡೂ ಸೇರಿ ಒಂದೇ ಆಗುತ್ತವೆ.

ಇನ್ನೊಂದು. ಮರ ಬಿಚ್ಚಲು ಹೊರಗಿನ ಸ್ಕ್ರೂ ಸಾಕು. ಕೊಳವೆಯ ಹಿಂದಿನ ಮುಚ್ಚಳಕ್ಕೆ ಕೈ ಹಾಕಬೇಡ. ಒಳಗೆ ಸ್ಪ್ರಿಂಗ್ ಒತ್ತಿಕೊಂಡೇ ಕೂತಿರುತ್ತದೆ, ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ತೆಗೆದರೆ ಮುಖಕ್ಕೆ ಹಾರುತ್ತದೆ. ಮರ ಇಲ್ಲದ ಕೊಳವೆಯನ್ನು ಏರಿಸಿ ನೋಡುವ ಕುತೂಹಲವೂ ಬೇಡ.

---

ತೋಕ್ ಪೂ (ವಾನವಡಿ, ಪುಣೆ)

ಕಾಕಾ, ನಿಮ್ಮ ಬರಹ ಗಂಡನಿಗೂ ಓದಿ ಹೇಳಿದೆ. ನಾನು ಮಡಿಕೇರಿ ಕಡೆಯವಳು. ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಗಳ ಬಾಯಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆ. ಅಲ್ಲಿಯ ಕೋವಿಗಳೆಲ್ಲ ಅಜ್ಜಂದಿರ ಅಳತೆಯವು, ಹೆಂಗಸರ ಕೈಗೆ ಒಂದೊಂದು ಇಂಚು ಉದ್ದ. ತೋಳು ಚಾಚಿ ಹಿಡಿಯುವಾಗ ಬೆನ್ನು ಹಿಂದಕ್ಕೆ ಬಾಗುತ್ತದೆ, ಅಲ್ಲಿಗೆ ಗುರಿ ಹೋಯಿತು. ಹಾಗಾಗಿ ಮನೆಯಲ್ಲಿ ಇನ್ಯಾರಾದರೂ ಹೊಡೆಯುವವರಿದ್ದರೆ ಸ್ಟಾಕ್ ಅನ್ನು ಗಿಡ್ಡವೇ ಮಾಡಿ. ಹಿಂದೆ ಅರ್ಧ ಇಂಚಿನ ಮರದ ಬಿಲ್ಲೆಗಳನ್ನು ಸೇರಿಸಿ ತೆಗೆಯುವ ಹಾಗಿರಲಿ. ಮೇಲೆ ಸ್ವೆಟರ್ ಹಾಕಿದ ದಿನ ನಿಮಗೂ ಅದೇ ಅನುಕೂಲ.

ಮುಂಭಾಗಕ್ಕೆ ಕರೀ ತುದಿ ಕೂರಿಸುವುದಾದರೆ, ಕರಿಮರದ ಚೂರು ಸಿಗದಿದ್ದರೆ ಎಮ್ಮೆ ಕೊಂಬು ಆಗುತ್ತದೆ. ಬಿಸಿ ನೀರಲ್ಲಿ ಮೆತ್ತಗಾಗುತ್ತದೆ, ಅರದಲ್ಲಿ ಚೆನ್ನಾಗಿ ಉಜ್ಜುತ್ತದೆ, ವಾಸನೆ ಮಾತ್ರ ಅಸಾಧ್ಯ. ಜೂನಾ ಬಜಾರ್‌ನಲ್ಲಿ ಯಾರಾದರೂ ಜಿಂಕೆ ಕೊಂಬು ತೋರಿಸಿದರೆ ತಿರುಗಿಯೂ ನೋಡಬೇಡಿ, ಕೇಸಾಗುತ್ತದೆ.

ಹೊಸ ಅಕ್ರೋಟು ಕೆಲವು ಸಲ ಬೂದು ಬೂದಾಗಿರುತ್ತದೆ. ಕಿರಾಣಿ ಅಂಗಡಿಯಲ್ಲಿ ರತನ್‌ಜೋತ್ ಅಂತ ಕೇಳಿ, ರೋಗನ್‌ಜೋಶ್‌ಗೆ ಕೆಂಪು ಬರಲು ಹಾಕುವ ಬೇರು. ಬಟ್ಟೆಯಲ್ಲಿ ಕಟ್ಟಿ ಅಗಸೆಎಣ್ಣೆಯಲ್ಲಿ ವಾರಗಟ್ಟಲೆ ನೆನೆಹಾಕಿ. ಇಂಗ್ಲಿಷರು ತಮ್ಮ ಹಳೇ ಸ್ಟಾಕ್‌ಗಳಿಗೆ ಹಚ್ಚುತ್ತಿದ್ದ ಕೆಂಪೆಣ್ಣೆಯೂ ಇದೇ ಜಾತಿಯ ಬೇರಿನದ್ದು.

---

ಭೋಸರಿ ಹುಡುಗ (ಪುಣೆ)

ಅಕ್ಕಾ, ಬಿಲ್ಲೆಗಳ ಐಡಿಯಾ ಬಹಳ ಇಷ್ಟ ಆಯಿತು. ತಂಗಿಯೂ ಹೊಡೆಯುತ್ತಾಳೆ, ನನಗಿಂತ ಚೆನ್ನಾಗಿ. ಅವಳಿಗೆ ಹದಿಮೂರು ಇಂಚು, ನನಗೆ ಎರಡು ಬಿಲ್ಲೆ ಸೇರಿಸಿ ಹದಿನಾಲ್ಕು.

ಅಕ್ರೋಟಿನ ತುಂಡು ಒಂದು ನೋಡಿಟ್ಟೆ. ಚಿತ್ತಾರ ಏನೂ ಇಲ್ಲ, ಸಪ್ಪೆ, ಅದಕ್ಕೇ ರೇಟೂ ಕಡಿಮೆ. ಕುತ್ತಿಗೆಯ ಜಾಗದಲ್ಲಿ ನಾರು ನೇರ ಇದೆ. ಗೆರೆ ಎಳೆದ ಫೋಟೋ ಕಾಕಾಗೆ ಕಳಿಸಿದ್ದೇನೆ. ಎಣ್ಣೆ ಯಾವುದು ತರಲಿ, ಹೇಗೆ ಹಚ್ಚಲಿ, ಅದೊಂದು ಹೇಳಿಬಿಡಿ.

---

ಪ್ಯಾಟರ್ನ್ ಕಾಕಾ (ಚಿಂಚವಡ)

ಫೋಟೋ ನೋಡಿದೆ. ಅದೇ ತಗೋ. ಎಡತುದಿಯಲ್ಲಿ ಒಂದು ಸಣ್ಣ ಬಿರುಕಿದೆ, ಅದು ಹೇಗೂ ಕೊಯ್ದು ಬಿಸಾಡುವ ಭಾಗದಲ್ಲಿ ಬರುತ್ತದೆ. ಬಿರುಕು ತೋರಿಸಿ ಇನ್ನೂ ಐನೂರು ಇಳಿಸು.

ಎಣ್ಣೆ ಅಂದರೆ ಅಗಸೆಎಣ್ಣೆಯೇ, ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಅಂತ ಕೇಳು. ಹಸಿ ಎಣ್ಣೆ ತಿಂಗಳಾದರೂ ಒಣಗುವುದಿಲ್ಲ. ಉಪ್ಪುಕಾಗದ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಮರ ಒರೆಸು. ನಾರಿನ ಕೂದಲು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಸಣ್ಣ ಕಾಗದದಲ್ಲಿ ಅದನ್ನು ಬೋಳಿಸು. ಹೀಗೆ ಕೂದಲು ಏಳುವುದು ನಿಲ್ಲುವ ತನಕ. ಆಮೇಲೆ ಎಣ್ಣೆ, ಬೆರಳ ತುದಿಯಲ್ಲಿ ನಾಲ್ಕು ಹನಿ, ಅಂಗೈ ಬಿಸಿಯಾಗುವಂತೆ ತಿಕ್ಕು, ಉಳಿದದ್ದು ಒರೆಸಿ ತೆಗೆ. ದಿನಕ್ಕೊಂದು ಕೈ ಸಾಕು. ಮೈ ಅಂಟಂಟಾದರೆ ಎಣ್ಣೆ ಜಾಸ್ತಿ ಹಾಕಿದ್ದೀ ಅಂತ ಅರ್ಥ. ಚೌಕಳಿ ಕೆತ್ತನೆ ಈಗ ಬೇಡ, ಬೇರೆ ಮರದ ಚೂರಿನಲ್ಲಿ ಕೈ ಪಳಗಲಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡ. ಅಗಸೆಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಉಂಡೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಹೊತ್ತಿಕೊಳ್ಳುತ್ತದೆ. ನೀರು ತುಂಬಿದ ಡಬ್ಬಿಯಲ್ಲಿ ಹಾಕು, ಇಲ್ಲವೇ ಬಾಲ್ಕನಿ ತಂತಿಗೆ ಬಿಡಿಸಿ ಹರವು. ಪೈನ್ ಸ್ಟಾಕ್‌ಗೆ ಫಿಲ್ಲರ್ ಏರಿಸುವಾಗ ಒಮ್ಮೆ ಚಿಂಚವಡಕ್ಕೆ ತಗೊಂಡು ಬಾ, ತಂಗಿಯನ್ನೂ ಕರೆದುಕೊಂಡು ಬಾ. ಅವಳ ಕೆನ್ನೆಯ ಅಳತೆಯೂ ಬೇಕಲ್ಲ.